ನಿಂತಿಲ್ಲವೆಂದು ಹೊಡೆದ ಎರಡನೇ ಸೀಟಿ

ಸ್ವಂತ ಅಂಗಡಿ ನಡೆಸಿದವನು ನಿವೃತ್ತನಾದೆ ಎಂದರೆ ಯಾರೂ ನಂಬುವುದಿಲ್ಲ. ಹಾರವಿಲ್ಲ, ಭಾಷಣವಿಲ್ಲ, ಗ್ರೂಪ್ ಫೋಟೋ ಇಲ್ಲ. ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ನನ್ನ ಅಂಗಡಿಯ ಷಟರ್ ಎಳೆದು ಕೊನೆಯ ಸಲ ಬೀಗ ಹಾಕುತ್ತಿದ್ದಾಗ ಪಕ್ಕದ ಬೇಕರಿಯವನು, "ಏನಣ್ಣ, ಊಟಕ್ಕಾ?" ಎಂದು ಕೇಳಿದ.

"ಇಲ್ಲಪ್ಪ, ರಿಟೈರ್ ಆದೆ."

"ಆಯ್ತು ಆಯ್ತು. ನಾಲ್ಕು ಗಂಟೆಗೆ ಬಂದ್ರೆ ನಂದೊಂದು ಜೆರಾಕ್ಸ್ ಐತೆ."

ಇಷ್ಟೇ ನನ್ನ ಬೀಳ್ಕೊಡುಗೆ. ಆದರೆ ನಾನು ಬಿಟ್ಟುಬಂದ ಕೆಲಸಕ್ಕೆ ಈಗ ಹೊಸಬರು ಬಂದಿದ್ದಾರೆ. ಅವರು ಆಗಾಗ ಫೋನ್ ಮಾಡಿ, "ಸಾರ್, ಅದು ಮಾತೇ ಆಡಲ್ವಲ್ಲ ಸಾರ್, ಏನ್ಮಾಡದು?" ಎಂದು ಗೋಳಾಡುತ್ತಾರೆ. 'ಅದು' ಎಂದರೆ ಲೈನ್ ಎಡಿಟರ್, ಕಂಪ್ಯೂಟರಿನೊಳಗಿನ ಬರಹವನ್ನು ಒಂದೊಂದೇ ಸಾಲಾಗಿ ತಿದ್ದುವ ಸಾಧನ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ. ನನಗೆ ಆದ ಸನ್ಮಾನಗಳ ಬಗ್ಗೆ ಬರೆಯುವುದಿಲ್ಲ. ಆದದ್ದೇ ಒಂದು, ಅದರ ಶಾಲನ್ನು ನನ್ನ ಹೆಂಡತಿ ಪ್ರಿಂಟರ್‌ಗೆ ದೂಳು ಕೂರದಂತೆ ಹೊದಿಸಿದ್ದಾಳೆ. ಮಾಡಿದ ಎಡವಟ್ಟುಗಳು ಮಾತ್ರ ಬೇಕಾದಷ್ಟಿವೆ. ಅವುಗಳಲ್ಲಿ ಒಂದು, ಗೋವಿನಕೋವಿಯ ಕೊಟ್ರಮ್ಮನ ಬೆಳಗಿನ ಬಸ್ಸನ್ನೇ ನುಂಗಿ ನೀರು ಕುಡಿಯುವುದರಲ್ಲಿತ್ತು. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಮೊದಲು ಕೆಲಸ ಏನೆಂದು ಹೇಳುತ್ತೇನೆ. ನಮ್ಮ ಕಡೆಯ ಸಣ್ಣ ಬಸ್ ಮಾಲೀಕರದ್ದೊಂದು ಸಂಘ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ಊರುಗಳಲ್ಲಿ ಅವರ ಬಸ್ಸು ನಿಲ್ಲುವ ಕಡೆ ಒಂದೊಂದು ಕೆಂಪಕ್ಷರದ ಬೋರ್ಡು, ಒಂದೊಂದು ಮೈಕು. ಬೋರ್ಡಿನ ಬೆನ್ನಿಗೆ ಟಿಫನ್ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರು. ಅದಕ್ಕೆ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಒಳಗೆ ಬಸ್ಸುಗಳ ಪಟ್ಟಿ ಇರುತ್ತದೆ. ಒಂದು ಬಸ್ಸಿಗೆ ಒಂದು ಸಾಲು: ಹೊರಡುವ ಹೊತ್ತು, ಗಾಡಿಯ ಹೆಸರು, ಹೋಗುವ ಊರು. ಡಬ್ಬಿ ಆ ಸಾಲುಗಳನ್ನು ಓದಿ ಬೋರ್ಡಿನಲ್ಲಿ ತೋರಿಸುತ್ತದೆ, ಮೈಕಿನಲ್ಲಿ ಕೂಗುತ್ತದೆ. ಪಟ್ಟಿಯನ್ನು ತಿದ್ದುವುದು ನನ್ನ ಕೆಲಸ. ಅದಕ್ಕಾಗಿ ಊರೂರು ತಿರುಗಬೇಕಾಗಿರಲಿಲ್ಲ. ಇದ್ದಲ್ಲಿಂದಲೇ ಲ್ಯಾಪ್‌ಟಾಪಿಗೆ ಮೊಬೈಲ್ ಸಿಕ್ಕಿಸಿ ಡಬ್ಬಿಯ ಒಳಹೊಕ್ಕರೆ ಆಯಿತು.

ಈ ಬೋರ್ಡು ಬರುವ ಮೊದಲು ಎರಡು ನಿಮಿಷದ ಸಲುವಾಗಿ ಕಂಡಕ್ಟರುಗಳು ಒಬ್ಬರ ಕಾಲರ್ ಒಬ್ಬರು ಹಿಡಿಯುತ್ತಿದ್ದರು. "ನಿನ್ ಟೈಮ್ ಆತು, ಗಾಡಿ ತಗಿ" ಎಂದು ಒಬ್ಬ, "ನನ್ ವಾಚ್‌ನಾಗೆ ಇನ್ನೂ ಐತೆ" ಎಂದು ಇನ್ನೊಬ್ಬ. ಆ ಜಗಳ ತಪ್ಪಿಸಲು ಸಂಘ ಒಂದು ಕಟ್ಟುನಿಟ್ಟು ಮಾಡಿತು. ಬೋರ್ಡಿನಲ್ಲಿ ಹೆಸರು ಬಂದ ಗಾಡಿಯನ್ನಷ್ಟೇ ಪ್ಲಾಟ್‌ಫಾರಮ್ಮಿಗೆ ಹಚ್ಚಬೇಕು. ಬೋರ್ಡು ಹೇಳಿದ್ದೇ ಕೊನೆ. ಹೀಗಾಗಿ, ಟೈಪಿಂಗ್ ಕ್ಲಾಸ್ ನಡೆಸುತ್ತ, ಹಳೇ ಟೈಪ್‌ರೈಟರ್ ಕೊಂಡು ಮಾರುತ್ತ, ಯಾರೋ ಬಿಸಾಕಿದ ಕೈಪಿಡಿ ಓದಿ ಕಂಪ್ಯೂಟರ್ ಕಲಿತ ನನ್ನಂಥವನ ಬೆರಳ ತುದಿಗೆ ನಾಲ್ಕು ತಾಲೂಕಿನ ಬಸ್ಸುಗಳು ಬಂದು ನಿಂತವು.

ಚೌಕಾಸಿ ಮಾಡದೆ ನಾನು ಕೊತ್ತಂಬರಿ ಕಟ್ಟನ್ನೂ ಕೊಂಡವನಲ್ಲ. ಸಂಘದವರ ಜೊತೆ ಸಂಬಳದ ಮಾತು ಮುಗಿದ ಮೇಲೆ, "ಇನ್ನೊಂದು ಐತೆ" ಎಂದೆ. ಸಂಘದ ಎಲ್ಲ ಬಸ್ಸುಗಳಲ್ಲೂ ಡ್ರೈವರ್ ಹಿಂದಿನ ಸೀಟು, ಕಿಟಕಿ ಪಕ್ಕ, ಬದುಕಿರುವವರೆಗೆ ನನ್ನದು. ಒಪ್ಪಿದರು. ಹೊಸಬರಿಗೆ ನನ್ನ ಸಲಹೆ: ಸಂಬಳಕ್ಕಿಂತ ಇಂಥವನ್ನು ಕೇಳಿ. ಕೊಡುವವರಿಗೆ ಇದರ ಬೆಲೆ ಗೊತ್ತಿರುವುದಿಲ್ಲ. ಆ ಸೀಟು ಈಗ ನನ್ನ ಬಳಿ ಇಲ್ಲ. ಆದರೂ ಸಲಹೆ ಸಲಹೆಯೇ.

ಇನ್ನು ಎಡಿಟರ್. ಈಗಿನವರು ಇಡೀ ಪುಟ ಕಣ್ಣಮುಂದೆ ಇಟ್ಟುಕೊಂಡು, ಬೇಕಾದಲ್ಲಿ ಬೆರಳಿಟ್ಟು ತಿದ್ದಿ ರೂಢಿಯಾದವರು. ಆದರೆ ನಮ್ಮ ಡಬ್ಬಿಗಳಿಗೆ ಸಿಗುವ ನೆಟ್‌ವರ್ಕಿನಲ್ಲಿ ಇಡೀ ಪುಟ ಬರುವಷ್ಟರಲ್ಲಿ ಬಸ್ಸು ದಾವಣಗೆರೆ ಮುಟ್ಟಿರುತ್ತದೆ. ಲೈನ್ ಎಡಿಟರ್ ಹಾಗಲ್ಲ. ನೀವು ಒಂದು ಸಾಲಿನ ಸಂಖ್ಯೆ ಹೇಳಬೇಕು, ಏನು ಮಾಡಬೇಕೆಂದು ಒಂದು ಅಕ್ಷರದಲ್ಲಿ ಹೇಳಬೇಕು. 'ಹನ್ನೆರಡು ಪಿ' ಎಂದರೆ ಹನ್ನೆರಡನೇ ಸಾಲು ತೋರಿಸು. 'ಹನ್ನೆರಡು ಡಿ' ಎಂದರೆ ಅದನ್ನು ಅಳಿಸು. ಹೇಳಿದ್ದು ತಪ್ಪಾಗಿದ್ದರೆ ಅದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಎಲ್ಲಿ ತಪ್ಪು, ಏನು ತಪ್ಪು, ಒಂದೂ ಹೇಳುವುದಿಲ್ಲ. ಸರಿಯಾಗಿದ್ದರೆ ಅದನ್ನೂ ಹಾಕುವುದಿಲ್ಲ, ಸುಮ್ಮನಿರುತ್ತದೆ. ನನ್ನ ಮಾವನವರು ಹೀಗೆಯೇ ಇದ್ದರು. ಅವರ ಜೊತೆ ಅಷ್ಟು ವರ್ಷ ಏಗಿದ ನನಗೆ ಈ ಎಡಿಟರ್ ಯಾವ ಲೆಕ್ಕ ಎಂದುಕೊಂಡಿದ್ದೆ.

ಮೊದಲ ಪಾಠ ಜಗಳೂರಿನಲ್ಲಾಯಿತು. ಹೊಸ ಸಾಲು ಸೇರಿಸಬೇಕಾದರೆ, ಸೇರಿಸುತ್ತೇನೆ ಎಂದು ಹೇಳಿ ಬರೆಯುತ್ತ ಹೋಗಬೇಕು. ಮುಗಿದಾಗ ಖಾಲಿ ಸಾಲಿನಲ್ಲಿ ಒಂದು ಚುಕ್ಕೆ ಇಡಬೇಕು. ಚುಕ್ಕೆ ಇಡುವವರೆಗೆ ನೀವು ಏನು ಒತ್ತಿದರೂ ಅದು ಬರಹವೆಂದೇ ತಿಳಿಯುತ್ತದೆ. ನಾನು ಚುಕ್ಕೆ ಮರೆತೆ. ಉಳಿಸು ಎಂದೆ, ಸುಮ್ಮನಿತ್ತು. ಹೊರಗೆ ಬಿಡು ಎನ್ನುವ ಅಕ್ಷರ ಒತ್ತಿದೆ, ಸುಮ್ಮನಿತ್ತು. ಬಸ್ಸುಗಳ ಹೆಸರು ಬರೆಯಲು ಕನ್ನಡ ಕೀಲಿಗಳು ಹೇಗೂ ತೆರೆದೇ ಇದ್ದವಲ್ಲ, ರೋಸಿಹೋಗಿ ಕನ್ನಡದಲ್ಲೇ ಒಂದು ಸಾಲು ಕುಟ್ಟಿದೆ. ಆಮೇಲೆ ಚುಕ್ಕೆ ನೆನಪಾಗಿ, ಇಟ್ಟು, ಉಳಿಸಿ, ಹೊರಬಂದೆ. ನಡುವೆ ಬಡಬಡಿಸಿದ್ದನ್ನು ಅಳಿಸಬೇಕೆಂಬುದು ತಲೆಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಜಗಳೂರಿನ ಟೈಂಕೀಪರ್ ಓಬಣ್ಣನ ಫೋನು.

"ಸಾರ್, ಒಂದ್ ಹೊಸಾ ಗಾಡಿ ಬಂದೈತಲ್ಲ, ಅದು ಯಾವ ರೂಟು ಸಾರ್?"

"ಯಾವ ಗಾಡಿ ಓಬಣ್ಣ?"

"ಅದೇ ಸಾರ್, 'ಅಯ್ಯೋ ದೇವರೇ ಹೊರಗೆ ಬಿಡು' ಅನ್ನೋ ಗಾಡಿ. ಮೈಕ್‌ನಾಗೆ ಕೂಗ್ತಾ ಐತೆ. ದಾವಣಗೆರೆಗೆ ಹೋಗ್ತೈತಾ ಅಂತ ಇಬ್ರು ಕೇಳಾಕೆ ಹತ್ಯಾರೆ."

ಇವತ್ತಿಗೂ ಜಗಳೂರಿಗೆ ಹೋದರೆ ಓಬಣ್ಣ ಚಹಾ ಕೊಡಿಸಿ, "ಹೊರಗೆ ಬಿಡ್ತೀನಿ, ಮೊದ್ಲು ಚಾ ಕುಡೀರಿ" ಎನ್ನುತ್ತಾನೆ.

ಎರಡನೆಯದು ಹೊನ್ನಾಳಿಯದು. ಈ ಎಡಿಟರ್ ಸದಾ ಯಾವುದಾದರೊಂದು ಸಾಲಿನ ಮೇಲೆ ನಿಂತಿರುತ್ತದೆ. ಯಾವುದರ ಮೇಲೆ ನಿಂತಿದ್ದೇನೆಂದು ತಾನಾಗಿ ಹೇಳುವುದಿಲ್ಲ. ನೀವು ಸಂಖ್ಯೆ ಹೇಳದೆ ಬರೀ ಊರು ಬದಲಿಸು ಎಂದರೆ, ತಾನು ನಿಂತ ಸಾಲಿನಲ್ಲೇ ಬದಲಿಸಿ ಸುಮ್ಮನಾಗುತ್ತದೆ. ನಾನು ಹಾಗೆ ಮಾಡಿ, ಶಿವಮೊಗ್ಗದ ಬಸ್ಸಿಗೆ ಹರಿಹರ ಎಂದು ಹೆಸರು ಹಚ್ಚಿದೆ. ಹರಿಹರದ ಮದುವೆಗೆ ಹೊರಟಿದ್ದ ವಾಲಗದವರು ಮೈಕು ನಂಬಿ ಅದನ್ನು ಹತ್ತಿದರು. ನ್ಯಾಮತಿ ಬಂದ ಮೇಲೆ ಗೊತ್ತಾಯಿತು. ಅಲ್ಲಿಂದಲೇ ಅವರ ಹಿರಿಯರು ಫೋನ್ ಮಾಡಿ, "ನಾವು ಹೆಂಗೂ ಇವತ್ತು ಊದಬೇಕು ಕಣ್ರಿ. ಮದುವೆ ಮನೆ ಮುಟ್ಟಲಿಲ್ಲ ಅಂದ್ರೆ ನಿಮ್ ಅಂಗಡಿ ಮುಂದೆ ಬಂದು ಊದ್ತೀವಿ" ಎಂದರು. ಅವರನ್ನು ವ್ಯಾನ್ ಮಾಡಿ ಕಳಿಸಿದೆ. ಅವತ್ತಿನಿಂದ ಸಂಖ್ಯೆ ಹೇಳದೆ ಯಾವ ಆಜ್ಞೆಯನ್ನೂ ಕೊಡಲಿಲ್ಲ.

ಇಷ್ಟಾದ ಮೇಲೆ ನಾನು ಪಂಡಿತನಾದೆನೆಂದು ನನಗನ್ನಿಸಿತು. ಜೊತೆಗೆ ಒಂದು ಒಳ್ಳೆಯ ಉಪಾಯವೂ ಕೈಗೆ ಸಿಕ್ಕಿತ್ತು. ಲ್ಯಾಪ್‌ಟಾಪಿನಲ್ಲಿ ಮೇಲ್ಮುಖದ ಬಾಣದ ಗುಂಡಿ ಒತ್ತಿದರೆ ಹಿಂದೆ ಕೊಟ್ಟ ಆಜ್ಞೆ ವಾಪಸ್ ಬಂದು ನಿಲ್ಲುತ್ತದೆ. ಅದರಲ್ಲಿ ಒಂದು ಅಕ್ಷರವನ್ನೋ ಸಂಖ್ಯೆಯನ್ನೋ ತಿದ್ದಿ ಎಂಟರ್ ಒತ್ತಿದರೆ ಮತ್ತೆ ನಡೆಯುತ್ತದೆ. ಪೂರಾ ಬರೆಯುವ ಗೋಜಿಲ್ಲ. ಬಾಣ, ಎಂಟರ್, ಬಾಣ, ಎಂಟರ್. ಮುದ್ದೆ ಮುರಿದು ನುಂಗಿದಷ್ಟು ಸಲೀಸು. ಅಗಿಯದೆ ನುಂಗುವುದು ನನಗೆ ಅಲ್ಲಿಂದಲೇ ರೂಢಿಯಾಯಿತು.

ಆಗಲೇ ನಾನೊಂದು ಷರತ್ತನ್ನೂ ಹಾಕಿಕೊಂಡೆ. ಬೋರ್ಡಿನ ಮಹಿಮೆ ತಿಳಿದ ಮೇಲೆ ಏಜೆಂಟರೆಲ್ಲ ನನಗೆ ಫೋನ್ ಹಚ್ಚತೊಡಗಿದ್ದರು. "ನಮ್ ಗಾಡಿ ಐದು ನಿಮಿಷ ಮುಂದಕ್ಕೆ ಹಾಕಣ್ಣ, ಒಂದ್ ಗೊನೆ ಬಾಳೆಹಣ್ಣು ಕಳಿಸ್ತೀನಿ." ಸಾಕಾಗಿ ಸಂಘದ ಅಧ್ಯಕ್ಷರ ಮುಂದೆ ಕುಳಿತೆ. ಅಧ್ಯಕ್ಷರು ಚನ್ನಬಸಪ್ಪನವರು, ಯಾರು ಏನೇ ಹೇಳಿದರೂ ಕಣ್ಣು ಮುಚ್ಚಿ ಕೇಳುವವರು, ನಿದ್ದೆಯೋ ಯೋಚನೆಯೋ ತಿಳಿಯುತ್ತಿರಲಿಲ್ಲ. ಅವರನ್ನು ಒಪ್ಪಿಸಿದ್ದು ಇದಕ್ಕೆ: ಓಡದ ಬಸ್ಸನ್ನು ತೆಗೆಯಲು ಫೋನ್ ಸಾಕು, ಆದರೆ ಹೊತ್ತು ಬದಲಿಸಬೇಕಾದರೆ, ಒಂದು ಸಾಲು ಸೇರಿಸಬೇಕಾದರೆ ಸಂಘದ ಕಮಿಟಿ ಕೂತು ಒಪ್ಪಬೇಕು. ನನ್ನ ತಲೆನೋವು ಹೋಯಿತು. ಅವತ್ತು ಮನೆಗೆ ಹೋಗಿ ನಾನು ಎಂಥ ಜಾಣನೆಂದು ಊಟ ಮುಗಿಯುವವರೆಗೂ ವಿವರಿಸಿದೆ. ಹೆಂಡತಿ, "ಸಾರು ಇನ್ನೊಂಚೂರು ಹಾಕಲಾ?" ಎಂದಳು.

ಈಗ ಕೊಟ್ರಮ್ಮ. ಸಂಘದಲ್ಲಿ ಒಂದೇ ಬಸ್ಸಿನ ಮಾಲೀಕರು ಕೆಲವರಿದ್ದರು. ಅವರಲ್ಲಿ ತಮ್ಮ ಬಸ್ಸಿನಲ್ಲಿ ತಾವೇ ಕಂಡಕ್ಟರಾಗಿ ಚೀಲ ತಗುಲಿಸಿಕೊಂಡು ನಿಂತವರು ಇವರೊಬ್ಬರೇ. ಅವರ ತಮ್ಮ ಡ್ರೈವರ್. ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸೀಟಿ. ಅವರ ಸೀಟಿಗೆ ಹೋರಿಗಳೂ ದಾರಿ ಬಿಡುತ್ತವೆ ಎಂದು ಜನ ಹೇಳುತ್ತಿದ್ದರು. ಅವರ ಬದುಕೆಲ್ಲ ಒಂದು ಹೊತ್ತಿನ ಮೇಲೆ ನಿಂತಿತ್ತು: ಬೆಳಿಗ್ಗೆ ಏಳೂವರೆಗೆ ನ್ಯಾಮತಿಯಿಂದ ಹೊನ್ನಾಳಿಗೆ. ತರಕಾರಿ ಬುಟ್ಟಿಯವರು, ಕಾಲೇಜಿನವರು, ಆಸ್ಪತ್ರೆಗೆ ಹೋಗುವವರು ಎಲ್ಲ ಹತ್ತುವುದು ಆ ಹೊತ್ತಿನಲ್ಲೇ. ಉಳಿದ ದಿನವೆಲ್ಲ ಗಾಡಿ ಹೆಚ್ಚುಕಡಿಮೆ ಗಾಳಿಯನ್ನೇ ಹೊತ್ತು ತಿರುಗುತ್ತಿತ್ತು. ಅವರ ಹಿಂದೆ, ಏಳೂ ಮುಕ್ಕಾಲಿಗೆ, ಮಂಜಣ್ಣನವರ ಬಸ್ಸು. ಮಂಜಣ್ಣ ಹಲವಾರು ಬಸ್ಸುಗಳ ಧಣಿ, ಕಮಿಟಿಯಲ್ಲಿ ದೊಡ್ಡ ದನಿ. ಆ ಏಳೂವರೆಯ ಮೇಲೆ ಅವರ ಕಣ್ಣು ಇತ್ತೆಂಬುದು ಸ್ಟ್ಯಾಂಡಿನ ಕಡಲೆಕಾಯಿ ಮಾರುವವರಿಗೂ ಗೊತ್ತಿತ್ತು.

ಎಡವಟ್ಟಾದ ದಿನ ನಾನು ಉಬ್ರಾಣಿಯಲ್ಲಿದ್ದೆ, ಹೆಂಡತಿಯ ತವರಿನ ಹಬ್ಬದೂಟಕ್ಕೆ. ಹೋಳಿಗೆ ಬೇಡ ಬೇಡ ಎನ್ನುತ್ತಲೇ ಎಲೆ ಮೇಲೆ ಕೈ ಅಡ್ಡ ಇಡದವನು ನಾನು. ಉಂಡು ಕಣ್ಣು ಎಳೆಯುತ್ತಿದ್ದಾಗ ನ್ಯಾಮತಿಯ ಟೈಂಕೀಪರನ ಫೋನು: ಬೆಳಿಗ್ಗೆ ಏಳೂಕಾಲಿನ ಬಸ್ಸು ಮಾರಿದ್ದಾರೆ, ನಾಳೆಯಿಂದ ಬರುವುದಿಲ್ಲ, ತೆಗೆದುಬಿಡಿ. ಉಬ್ರಾಣಿಯಲ್ಲಿ ಆ ಮನೆಯ ಒಳಗೆ ಮಾತಿಗಷ್ಟೇ ಸಿಗ್ನಲ್, ನೆಟ್ಟಿಗೆ ಇಲ್ಲ. ಲ್ಯಾಪ್‌ಟಾಪ್ ಹಿಡಿದು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಹೋಗಿ ಕುಳಿತೆ. ನ್ಯಾಮತಿಯ ಡಬ್ಬಿ ಹೊಕ್ಕೆ. ಮಾರಿದ ಬಸ್ಸು ಹನ್ನೆರಡನೇ ಸಾಲಿನಲ್ಲಿತ್ತು. 'ಹನ್ನೆರಡು ಡಿ', ಎಂಟರ್.

ಸುಮ್ಮನಿತ್ತು.

ಕೆಲಸ ಆದಾಗ ಅದು ಸುಮ್ಮನಿರುತ್ತದೆ ಎಂದು ಮೇಲೆ ನಾನೇ ಬರೆದಿದ್ದೇನೆ. ಆದರೆ ಉಬ್ರಾಣಿಯ ಸಿಗ್ನಲ್ಲೂ ಸುಮ್ಮನೇ ಇರುತ್ತದೆ. ಹೊಟ್ಟೆಯೊಳಗಿನ ಹೋಳಿಗೆ ಎರಡಕ್ಕೂ ವ್ಯತ್ಯಾಸ ತಿಳಿಯಗೊಡಲಿಲ್ಲ. ಹೋಗಿಲ್ಲ ಎಂದುಕೊಂಡೆ. ಬಾಣ, ಎಂಟರ್. ಉಳಿಸಿದೆ, ಹೊರಬಂದೆ, ಮಲಗಿದೆ.

ಆದದ್ದೇನೆಂದರೆ: ಮೊದಲನೇ ಸಲವೇ ಹನ್ನೆರಡನೇ ಸಾಲು ಅಳಿದಿತ್ತು. ಅದು ಹೋದ ಕೂಡಲೇ ಕೆಳಗಿನ ಹದಿಮೂರನೆಯದು ಮೇಲೆ ಸರಿದು ಹನ್ನೆರಡಾಗಿ ಕೂತಿತ್ತು. ನಾನು ಎರಡನೇ ಸಲ ಅಳಿಸಿದ್ದು ಅದನ್ನು. ಅದು ಕೊಟ್ರಮ್ಮನ ಏಳೂವರೆ.

ಮರುದಿನ ಬೆಳಿಗ್ಗೆ ಚನ್ನಗಿರಿಯ ನಮ್ಮ ಮನೆಯಲ್ಲಿ ಹಲ್ಲುಜ್ಜುತ್ತಿದ್ದಾಗ ಫೋನು.

"ಕಂಪ್ಯೂಟರಣ್ಣಾ, ನಮ್ ಗಾಡಿ ಎಲ್ಲೈತ್ರೀ?"

"ನಿಮ್ ಗಾಡಿ ನಿಮ್ ಹತ್ರಾನೇ ಇರ್ಬೇಕಲ್ಲ ಅಕ್ಕಾರೆ."

"ನನ್ ಹತ್ರ ಐತೆ. ನಿಮ್ ಬೋರ್ಡ್‌ನಾಗೆ ಇಲ್ಲ. ಏಳು ಗಂಟೆ ಗಾಡಿ ಆದ್ಮೇಲೆ ಸೀದಾ ಮಂಜಣ್ಣಂದು ಕೂಗ್ತಾ ಐತೆ. ಟೈಂಕೀಪರ್ ಗಾಡಿ ಹಚ್ಚಾಕೆ ಬಿಡವಲ್ಲ. ಪರ್ಮಿಟ್ ತೋರ್ಸಿದ್ರೆ, ಅದು ರೋಡ್‌ನಾಗೆ ಓಡ್ಸಾಕೆ ಕಣಮ್ಮ, ಇಲ್ಲಿ ನಿಲ್ಸಾಕೆ ಬೋರ್ಡ್ ಬೇಕು ಅಂತಾನೆ. ನಮ್ ಜನ ಎಲ್ಲಾ ಬುಟ್ಟಿ ಹೊತ್ಕಂಡು ಆ ಗಾಡಿ ಹತ್ತಾಕೆ ಹತ್ಯಾರೆ, ನಾನು ಗೇಟ್ ಹೊರಗೆ ನಿಂತು ನೋಡ್ತಾ ಇದೀನಿ."

ಬಾಯಿಯ ನೊರೆಯನ್ನೂ ಉಗಿಯದೆ ಲ್ಯಾಪ್‌ಟಾಪ್ ತೆಗೆದೆ. ನೋಡಿದ ಕೂಡಲೇ ಎಲ್ಲ ತಿಳಿಯಿತು. ವಾಪಸ್ ಸೇರಿಸಲು ಬೇಕಾದದ್ದು ಒಂದು ಸಾಲು, ಒಂದು ಚುಕ್ಕೆ. ಕೈ ಕೀಲಿಯ ಮೇಲಿಟ್ಟೆ. ಅಷ್ಟರಲ್ಲಿ ಅಧ್ಯಕ್ಷರ ಫೋನು. "ಮಂಜಣ್ಣ ಈಗ ಮಾತಾಡಿದ. ಏನೇ ಸೇರಿಸೋದಿದ್ರೂ ಕಮಿಟಿ ಆಗ್ಬೇಕು ಅಂತ ಷರತ್ತು ಐತಂತಲ್ಲ. ನೀನೇ ಮಾಡ್ಸಿದ್ದಂತೆ. ಕಮಿಟಿ ಕೂಡೋವರೆಗೂ ಏನೂ ಮುಟ್ಟಬ್ಯಾಡ ಮತ್ತೆ." ನನ್ನ ಜಾಣತನವನ್ನು ಅವರು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆಂದು ನಾನು ಎಣಿಸಿರಲಿಲ್ಲ.

ಮಂಜಣ್ಣನವರು ಅಷ್ಟಕ್ಕೇ ನಿಲ್ಲಲಿಲ್ಲ. ಖಾಲಿಯಾದ ಏಳೂವರೆಗೆ ತಮ್ಮದೊಂದು ಗಾಡಿ ಹಾಕಿಸಿ ಎಂದು ಕಮಿಟಿಗೆ ಅರ್ಜಿ ಕೊಟ್ಟರು. ಕಮಿಟಿ ಒಪ್ಪಿದರೆ ಕೊಟ್ರಮ್ಮನ ಬಸ್ಸು ಮಧ್ಯಾಹ್ನದ ಗಾಳಿ ಹೊರುವುದಷ್ಟೇ.

ಕಮಿಟಿ ಕೂಡುವ ದಿನ ಬೆಳಿಗ್ಗೆ ಕೊಟ್ರಮ್ಮ ಅಂಗಡಿಗೆ ಬಂದರು. ಬಂದದ್ದು ಮಂಜಣ್ಣನವರ ಬಸ್ಸಿನಲ್ಲಿ, ಟಿಕೇಟು ತೆಗೆದುಕೊಂಡು.

"ಅವನ ಕಂಡಕ್ಟರ್ ದುಡ್ಡು ಬ್ಯಾಡ ಅಂದ. ತಗೊಳ್ಳಲೇ ಅಂತ ಕೊಟ್ಟು ಬಂದೆ" ಎನ್ನುತ್ತ ಸ್ಟೂಲಿನ ಮೇಲೆ ಕುಳಿತರು. "ಈಗ ಹೇಳ್ರಿ. ಹೆಂಗಾತು ಇದು? ದುಡ್ಡು ತಗೊಂಡು ಮಾಡಿದ್ರಾ, ಇಲ್ಲಾ ಸುಮ್ನೆ ಮಾಡಿದ್ರಾ?"

"ಅಕ್ಕಾರೆ, ದುಡ್ಡು ತಗೊಂಡಿದ್ರೆ ಇಷ್ಟು ಸಂಕಟ ಆಗ್ತಿರಲಿಲ್ಲ" ಎಂದು, ಇಡೀ ಕಥೆ ಹೇಳಿದೆ. ಸಿಗ್ನಲ್, ಟ್ಯಾಂಕು, ಸಾಲು ಮೇಲೆ ಸರಿಯುವುದು, ಬಾಣದ ಗುಂಡಿ. ನೆಟ್‌ವರ್ಕಿನ ಮೇಲೆ ಆದಷ್ಟು ಹೆಚ್ಚು ಹಾಕಿದೆ, ಹೋಳಿಗೆಯ ಮೇಲೆ ಆದಷ್ಟು ಕಡಿಮೆ.

ಅವರು ಕೇಳಿಸಿಕೊಂಡು, ಕುತ್ತಿಗೆಯ ಸೀಟಿ ಕೈಗೆ ತೆಗೆದುಕೊಂಡರು.

"ಒಂದ್ ಸೀಟಿ ಹೊಡದ್ರೆ ಏನು?"

"ಸ್ಟಾಪ್."

"ಎರಡು?"

"ರೈಟ್. ಹೋಗಲಿ ಅಂತ."

"ಒಂದ್ ಸೀಟಿ ಹೊಡೀತೀನಿ. ನನ್ ತಮ್ಮ ಬ್ರೇಕ್ ಒತ್ತಿ ಗಾಡಿ ನಿಲ್ಸಾಕೆ ಒಂಚೂರು ಹೊತ್ತು ಬೇಕು. ನಿಂತಿಲ್ಲ ಅಂತ ನಾನು ಇನ್ನೊಂದು ಹೊಡದ್ರೆ ಏನಾಗ್ತೈತೆ? ಅವನು ರೈಟ್ ಅಂತ ತಿಳ್ಕಂಡು ಹೊಂಟೇ ಬಿಡ್ತಾನೆ. ಇಳಿಯೋಳು ಅರ್ಧ ಕಾಲು ಹೊರಗೆ ಹಾಕಿರ್ತಾಳೆ. ಇಷ್ಟೂ ಗೊತ್ತಾಗಲಿಲ್ವೇನ್ರಿ ನಿಮಗೆ, ದಿನಾ ಡ್ರೈವರ್ ಹಿಂದಿನ ಸೀಟ್‌ನಾಗೇ ಕುಂತ್ಕಂತೀರಲ್ಲ?"

ತಲೆ ತಗ್ಗಿಸಿ ಬೈಸಿಕೊಂಡೆ. ಆದರೆ ವ್ಯಾಪಾರದ ತಲೆ ಎಲ್ಲಿ ಸುಮ್ಮನಿರುತ್ತದೆ? ಎರಡನೇ ಸೀಟಿ ಹೊಡೆಯುವ ಚಪಲ ನನಗೊಬ್ಬನಿಗೇ ಇರುವುದಿಲ್ಲ, ಎಲ್ಲರಿಗೂ ಇರುತ್ತದೆ ಎಂದು ಆಗ ಹೊಳೆಯಿತು.

ಸಂಘದ ಕೋಣೆಯಲ್ಲಿ ಮಾದರಿಗೆಂದು ತಂದ ಒಂದು ಪುಟ್ಟ ಬೋರ್ಡು ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಒರೆಸಿ ಮೇಜಿನ ಮೇಲಿಟ್ಟು ಲ್ಯಾಪ್‌ಟಾಪಿಗೆ ಜೋಡಿಸಿದೆ. ನ್ಯಾಮತಿಯ ಹಳೇ ಪಟ್ಟಿಯ ಪ್ರತಿಯನ್ನು, ಮಾರಿದ ಬಸ್ಸೂ ಕೊಟ್ರಮ್ಮನ ಬಸ್ಸೂ ಮೊದಲಿದ್ದಂತೆಯೇ ಇರಿಸಿ, ಲ್ಯಾಪ್‌ಟಾಪಿನಲ್ಲಿ ತೆರೆದೆ. ಕಮಿಟಿಯವರು ಬಂದು ಕುಳಿತರು. ಅಧ್ಯಕ್ಷರು ಕಣ್ಣು ಮುಚ್ಚಿದರು. ಕೊಟ್ರಮ್ಮ ಬಾಗಿಲ ಪಕ್ಕ ನಿಂತರು.

ಮಂಜಣ್ಣನವರೇ ಮೊದಲು ಎದ್ದರು. "ಬೋರ್ಡ್ ಹೇಳಿದ್ದೇ ಕೊನೆ ಅಂತ ಎಲ್ರೂ ಒಪ್ಪಿದೀವಿ. ಬೋರ್ಡ್‌ನಾಗೆ ಏಳೂವರೆ ಇಲ್ಲ. ಇಲ್ಲ ಅಂದ್ಮೇಲೆ ಯಾರಾದ್ರೂ ಓಡಿಸ್ಬೇಕು, ಜನಕ್ಕೆ ತೊಂದ್ರೆ ಆಗ್ಬಾರ್ದು ನೋಡ್ರಿ."

"ಅದು ನನ್ನ ತಪ್ಪಿಂದ ಹೋಗಿದ್ದು ಅಣ್ಣಾರೆ" ಎಂದೆ. "ಒಂದು ಅಳಿಸಾಕೆ ಹೋಗಿ ಎರಡು ಅಳಿಸಿದೆ."

"ಅದೆಂಗಯ್ಯ ಆಗ್ತೈತೆ? ಒಂದ್ ಸಲ ಒತ್ತಿದ್ದು ಗೊತ್ತಾಗಲ್ವಾ? ಅಷ್ಟೂ ತಿಳೀದೋನು ನೀನ್ಯಾವ ಕಂಪ್ಯೂಟರೋನು? ಹೇಳಿ ಕೊಟ್ರೆ ನಾನೇ ಮಾಡ್ತೀನಿ."

ಇದಕ್ಕೇ ಕಾಯುತ್ತಿದ್ದೆ. ಆದರೂ ಮುಖದಲ್ಲಿ ಅಂಜಿಕೆ ತಂದುಕೊಂಡೆ. ಹಳೇ ಟೈಪ್‌ರೈಟರ್ ಮಾರುವಾಗ ಕಲಿತ ವಿದ್ಯೆ. "ಹಂಗಾದ್ರೆ ನೀವೇ ಮಾಡಿ ತೋರ್ಸಿಬಿಡ್ರಿ. ಇದು ನಕಲು ಪಟ್ಟಿ, ಏನಾದ್ರೂ ನಿಜವಾದ ಬೋರ್ಡಿಗೆ ತೊಂದ್ರೆ ಇಲ್ಲ. ಹನ್ನೆರಡನೇ ಸಾಲಿನ ಗಾಡಿ ಮಾರಿದಾರೆ, ತೆಗೀಬೇಕು. 'ಹನ್ನೆರಡು ಡಿ' ಅಂತ ಬರೆದಿದೀನಿ, ಎಂಟರ್ ಒತ್ರಿ. ಆಗಿಲ್ಲ ಅನಿಸಿದ್ರೆ ಈ ಬಾಣದ ಗುಂಡಿ ಒತ್ತಿದ್ರೆ ಅದೇ ಆಜ್ಞೆ ವಾಪಸ್ ಬರ್ತೈತೆ, ಮತ್ತೆ ಎಂಟರ್."

ಮಂಜಣ್ಣ ತೋಳು ಮಡಿಸಿ, ಬೆರಳೆತ್ತಿ ಒತ್ತಿದರು. ಎಡಿಟರ್ ಸುಮ್ಮನಿತ್ತು. ಅವರು ಪರದೆ ನೋಡಿದರು. ನನ್ನ ಮುಖ ನೋಡಿದರು. ನಾನೂ ಸುಮ್ಮನಿದ್ದೆ.

"ಏನೂ ಆಗ್ಲಿಲ್ವಲ್ಲಯ್ಯ."

ಬಾಣ, ಎಂಟರ್. ಎಡಿಟರ್ ಸುಮ್ಮನಿತ್ತು.

"ಕೆಟ್ಟೋಗೈತೆ ನಿನ್ ಮಿಷನ್ನು!" ಎಂದು ಮತ್ತೊಮ್ಮೆ. ಈ ಸಲ ಮೇಜು ಅಲುಗುವಂತೆ.

ನಾನು ಕೈ ಚಾಚಿ ಉಳಿಸುವ ಆಜ್ಞೆ ಕೊಟ್ಟೆ. ಪುಟ್ಟ ಬೋರ್ಡಿನಲ್ಲಿ ಕೆಂಪಕ್ಷರಗಳು ಒಂದೊಂದಾಗಿ ಸರಿದವು. ಆರೂವರೆ. ಏಳು. ಆಮೇಲೆ ಎಂಟು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಮೊದಲು ಕಣ್ಣು ತೆರೆದವರು ಅಧ್ಯಕ್ಷರು.

"ಮಂಜಣ್ಣ, ಏಳೂ ಮುಕ್ಕಾಲು ನಿಂದಲ್ವೇನಪ್ಪ? ಎಲ್ಲೋತು?"

ಮೊದಲ ಸಲ ಮಾರಿದ ಬಸ್ಸು, ಎರಡನೇ ಸಲ ಕೊಟ್ರಮ್ಮನದು, ಮೂರನೇ ಸಲ ಅವರದೇ ಹೋಗಿತ್ತು. ಕೋಣೆಯಲ್ಲಿ ನಗು ಎದ್ದಿತು. ಬಾಗಿಲ ಕಡೆಯಿಂದ ಕೊಟ್ರಮ್ಮನ ದನಿ ನಗುವಿಗಿಂತ ಜೋರಾಗಿ ಬಂತು.

"ಬೋರ್ಡ್ ಹೇಳಿದ್ದೇ ಕೊನೆ ಅಂತಲ್ರೀ ಮಂಜಣ್ಣಾರೆ? ಏಳೂ ಮುಕ್ಕಾಲಿಗೂ ಯಾರಾದ್ರೂ ಓಡಿಸ್ಬೇಕು ನೋಡ್ರಿ, ಜನಕ್ಕೆ ತೊಂದ್ರೆ ಆಗ್ಬಾರ್ದು. ನಾನೇ ಅರ್ಜಿ ಹಾಕ್ಲಾ?"

ಮಂಜಣ್ಣ ಸ್ವಲ್ಪ ಹೊತ್ತು ಬೆರಳನ್ನೇ ನೋಡಿಕೊಂಡರು. ಕೊನೆಗೆ ಅವರೇ ನಕ್ಕರು. ವ್ಯಾಪಾರದವರಲ್ಲವೇ, ನಷ್ಟವಾಗುವುದರಲ್ಲಿದೆ ಎಂದಾಗ ಎದ್ದು ಹೋಗುವುದು ಗೊತ್ತಿತ್ತು. "ಹಾಕ್ಕೊಳಮ್ಮ ನಿನ್ ಏಳೂವರೆ ನೀನೇ. ನನ್ ಅರ್ಜಿ ವಾಪಸ್" ಎಂದರು.

ಕಮಿಟಿ ಒಪ್ಪಿತು. ಅಲ್ಲೇ, ಎಲ್ಲರ ಕಣ್ಣೆದುರು, ನ್ಯಾಮತಿಯ ಡಬ್ಬಿ ಹೊಕ್ಕು ಸಾಲು ಬರೆದು ಚುಕ್ಕೆ ಇಟ್ಟು ಉಳಿಸಿದೆ. ಗೆದ್ದ ಉಮೇದಿನಲ್ಲಿ ಲ್ಯಾಪ್‌ಟಾಪ್ ಮಡಚುತ್ತಿದ್ದೆ. ಕೊಟ್ರಮ್ಮ ಮೇಜಿನ ಹತ್ತಿರ ಬಂದರು.

"ನಿಲ್ರಿ. ಇನ್ನೊಂದು ಐತೆ."

ಆ ಮಾತು ಎಲ್ಲೋ ಕೇಳಿದ ಹಾಗಿತ್ತು. ನನ್ನದೇ ಮಾತು.

"ಇಷ್ಟು ದಿನ ನಾನು ಗೇಟ್ ಹೊರಗೆ ನಿಂತಿದೀನಿ. ಇನ್ಮೇಲೆ ಕಂಪ್ಯೂಟರಣ್ಣ ನನ್ ಗಾಡಿನಾಗೆ ನಿಂತೇ ಬರ್ಬೇಕು. ಡ್ರೈವರ್ ಹಿಂದಿನ ಸೀಟು ಬುಟ್ಟಿಯೋರಿಗೆ."

"ಅಕ್ಕಾರೆ, ಅದು ಕರಾರಿನಾಗೆ ಐತೆ" ಎಂದು ಶುರುಮಾಡಿದೆ. ಮಂಜಣ್ಣನವರು ತಕ್ಷಣ, "ಸರಿಯಾಗೈತೆ, ನನ್ ಗಾಡಿಗಳಿಗೂ ಅದೇ ಆಗ್ಲಿ" ಎಂದರು. ಉಳಿದವರೂ ಕೈ ಎತ್ತಿದರು. ಅಷ್ಟು ವರ್ಷದಲ್ಲಿ ಆ ಕಮಿಟಿ ಒಂದೇ ಮನಸ್ಸಿನಿಂದ ಕೈ ಎತ್ತಿದ್ದು ಅದೊಂದೇ ವಿಷಯಕ್ಕೆ. ಜೊತೆಗೆ, ಫೋನಿನಲ್ಲಿ ಹೇಳಿದ ಮಾತ್ರಕ್ಕೆ ಅಳಿಸುವ ಹಾಗಿಲ್ಲ ಎಂದೂ ಆಯಿತು. ಅಳಿಸುವ ಮೊದಲು ಸಾಲನ್ನು ಪರದೆಯ ಮೇಲೆ ತರಿಸಿ, ಅದರ ಮಾಲೀಕರಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಕೈ ಹಾಕಬೇಕು.

ಹೊಸಬರೇ, ನಿಮಗೆ ಬೇಕಾದದ್ದು ಇಲ್ಲಿದೆ. ಅಳಿಸುವ ಆಜ್ಞೆಯನ್ನು ಎಂದೂ ನೇರವಾಗಿ ಬರೆಯಬೇಡಿ. ಮೊದಲು 'ಹನ್ನೆರಡು ಪಿ' ಎನ್ನಿ. ಸಾಲು ಬರುತ್ತದೆ, ಬಾಯಿಬಿಟ್ಟು ಓದಿ. ಅದೇ ಬಸ್ಸು ಹೌದಾದರೆ ಬಾಣ ಒತ್ತಿ ಆ ಆಜ್ಞೆಯನ್ನೇ ವಾಪಸ್ ಕರೆಸಿ, 'ಪಿ' ತೆಗೆದು 'ಡಿ' ಮಾಡಿ, ಎಂಟರ್ ಒತ್ತಿ. ಅದು ಸುಮ್ಮನಿರುತ್ತದೆ. ನೀವೂ ಸುಮ್ಮನಿರಿ. ಅನುಮಾನ ಬಂದರೆ ಮತ್ತೆ ಅಳಿಸಬೇಡಿ, ಮತ್ತೆ ತೋರಿಸು ಎನ್ನಿ. ತೋರಿಸು ಎಂದು ನೂರು ಸಲ ಹೇಳಿದರೂ ಯಾರ ಬಸ್ಸೂ ನಿಲ್ಲುವುದಿಲ್ಲ. ಹಬ್ಬದೂಟವಾದ ಮೇಲೆ ಲ್ಯಾಪ್‌ಟಾಪ್ ಮುಟ್ಟಬೇಡಿ. ಮತ್ತು ಷರತ್ತು ಹಾಕುವಾಗ, ಅದು ನಿಮ್ಮ ಕೊರಳಿಗೇ ಬಂದರೆ ಹೇಗಿರುತ್ತದೆ ಎಂದು ಒಮ್ಮೆ ತೊಟ್ಟು ನೋಡಿ.

ಷಟರ್ ಎಳೆದ ಮರುವಾರ ನ್ಯಾಮತಿಯ ಡಬ್ಬಿಯನ್ನು ಹೊಸಬರಿಗೆ ತೋರಿಸಿಕೊಡಲು ಹೋಗಿದ್ದೆ. ರಾತ್ರಿ ಅಲ್ಲೇ ಉಳಿದುಕೊಂಡು, ಬೆಳಿಗ್ಗೆ ಏಳೂವರೆ ಗಾಡಿಗೆ ಹೊನ್ನಾಳಿ ಕಡೆ ಹೊರಟೆ. ದಾರಿಯಲ್ಲಿ ಗೆಳೆಯನೊಬ್ಬನ ತೋಟದ ಗೇಟಿನ ಬಳಿ ಇಳಿಯಬೇಕಿತ್ತು. ಡ್ರೈವರ್ ಹಿಂದಿನ ಸೀಟಿನಲ್ಲಿ ಬದನೆಕಾಯಿ ಬುಟ್ಟಿ, ಕಿಟಕಿ ಪಕ್ಕ. ನಾನು ಕಂಬಿ ಹಿಡಿದು ನಿಂತಿದ್ದೆ.

"ಅಕ್ಕಾರೆ, ಗೇಟಿನ ಹತ್ರ" ಎಂದೆ. ಕೊಟ್ರಮ್ಮ ಒಂದು ಸೀಟಿ ಹೊಡೆದರು.

ಗಾಡಿ ನಿಲ್ಲಲಿಲ್ಲ. ಗೇಟು ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ನಾಲಿಗೆಯ ತುದಿಯಲ್ಲಿ 'ಸ್ಟಾಪ್' ಎನ್ನುವುದು ಕುದಿಯುತ್ತಿತ್ತು. ಕೊಟ್ರಮ್ಮ ಟಿಕೇಟು ಹರಿಯುವುದನ್ನು ಬಿಟ್ಟು, ಸೀಟಿ ತುಟಿಯಲ್ಲೇ ಕಚ್ಚಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಕಂಬಿಯನ್ನು ಗಟ್ಟಿಯಾಗಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತೆ.

ತಮ್ಮನ ಬ್ರೇಕು ಕೊನೆಗೂ ಹಿಡಿಯಿತು. ಗೇಟಿನಿಂದ ಒಂದು ಕೂಗಳತೆ ಮುಂದೆ.

ಎರಡೂ ಕಾಲು ನೆಲಕ್ಕಿಟ್ಟು ಇಳಿದೆ. "ಕಲ್ತಿದೀರಿ ಬಿಡ್ರಿ" ಎಂದರು ಕೊಟ್ರಮ್ಮ ಮೆಟ್ಟಿಲ ಮೇಲಿಂದ, ಎರಡು ಸೀಟಿ ಹೊಡೆದರು, ಗಾಡಿ ಹೊರಟಿತು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆಗೆ ವಾಪಸ್ ನಡೆದೆ.